ಎರಡು ಊರಿನ ಮಳೆ, ಒಂದೇ ಹಾಳೆ

ಬೆಳಗಾವಿ ನಗರದ ವಾರ್ಷಿಕ ಮಳೆ ಸುಮಾರು 1300 ಮಿ.ಮೀ. ಅಲ್ಲಿಂದ ಪಿರನವಾಡಿ, ಜಾಂಬೋಟಿ ದಾಟಿ ಚೋರ್ಲಾ ಘಾಟಿನತ್ತ ಸಾಗಿದರೆ ಖಾನಾಪುರ ತಾಲ್ಲೂಕಿನ ಪಶ್ಚಿಮದಂಚಿನಲ್ಲಿ ಸಿಗುವ ಕಣಕುಂಬಿಯಲ್ಲಿ ಅದು 3000 ಮಿ.ಮೀ. ದಾಟುತ್ತದೆ. ಎತ್ತರದಲ್ಲಿ ಈ ಎರಡು ಊರುಗಳಿಗೆ ಹೆಚ್ಚಿನ ವ್ಯತ್ಯಾಸವಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಮೇಲಿದೆ. ಬೆಳಗಾವಿಯೂ 750 ಮೀಟರಿನ ಆಚೀಚೆಯೇ ಇದೆ. ಅಂತರ ಇರುವುದು ಘಟ್ಟದ ಅಂಚಿಗೆ ಎಷ್ಟು ಹತ್ತಿರ ಎಂಬುದರಲ್ಲಿ. ಅರಬ್ಬಿ ಸಮುದ್ರದ ಒದ್ದೆ ಗಾಳಿ ಘಟ್ಟ ಹತ್ತಿದ ಕೂಡಲೇ ತನ್ನ ನೀರಿನ ದೊಡ್ಡ ಪಾಲನ್ನು ಅಂಚಿನ ಊರುಗಳ ಮೇಲೆ ಇಳಿಸಿಬಿಡುತ್ತದೆ. ಪೂರ್ವಕ್ಕೆ ಸರಿದಂತೆ ಅದರ ಕೈ ಬರಿದಾಗುತ್ತ ಬರುತ್ತದೆ. ಅದೇ ಖಾನಾಪುರ ತಾಲ್ಲೂಕಿನ ಇಟಗಿ, ಪಾರಿಶ್ವಾಡದ ಕಡೆ ಬಂದರೆ ಹೊಲದ ಬಣ್ಣವೇ ಬೇರೆ.

ಆದರೂ ಜುಲೈ ಮುಗಿಯುವ ಹೊತ್ತಿಗೆ ನಮಗೆ ಸಿಗುವ ಸುದ್ದಿ ಒಂದೇ ಸಾಲಿನದು. ತಾಲ್ಲೂಕಿನ ವಾಡಿಕೆ ಮಳೆ ಇಷ್ಟು, ಬಿದ್ದದ್ದು ಇಷ್ಟು, ಕೊರತೆ ಅಥವಾ ಹೆಚ್ಚಳ ಶೇಕಡಾ ಇಷ್ಟು. ಭೀಮಗಡದ ಕಾಡಿನ ಮಳೆಯನ್ನೂ ಬೀಡಿಯ ಕಡೆಯ ಹೊಲದ ಮಳೆಯನ್ನೂ ಕೂಡಿಸಿ ಭಾಗಿಸಿದ ಅಂಕಿ ಅದು. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಆ ಅಂಕಿಯಷ್ಟು ಮಳೆ ಕಂಡ ಊರನ್ನು ಹುಡುಕಿಕೊಂಡು ಹೋದರೆ ಸಿಗುವುದು ಕಷ್ಟ. ಒಂಬತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಪಾಠದಲ್ಲಿ ಮಕ್ಕಳು ಅಂಕಕ್ಕಾಗಿ ಎಳೆದು ಮರೆಯುವ ಒಂದು ಗೆರೆ ಈ ಕೊರತೆಯನ್ನು ತುಂಬಬಲ್ಲದು. ಅದರ ಹೆಸರು ಆವೃತ್ತಿ ಬಹುಭುಜಾಕೃತಿ. ಅದನ್ನು ನಾವು ಕಲಿಸುತ್ತಿರುವ ರೀತಿಯಲ್ಲಿ ಚಿತ್ರ ಉಳಿದಿದೆ, ಚಿತ್ರ ಏಕೆ ಬೇಕು ಎಂಬುದು ಹೋಗಿದೆ ಎನ್ನುವುದು ನನ್ನ ವಾದ. ಅದನ್ನು ಮರಳಿ ತರಲು ಬೇಕಾದ ಸಾಮಗ್ರಿ ಬೆಳಗಾವಿ-ಖಾನಾಪುರದ ಮಳೆಯಲ್ಲೇ ಇದೆ.

ಮೊದಲು ಗೆರೆಯನ್ನೇ ಎಳೆಯೋಣ. ಇಲ್ಲಿ ಕೊಡುವ ಸಂಖ್ಯೆಗಳು ಮಾಪಕದಲ್ಲಿ ಅಳೆದವಲ್ಲ, ರೀತಿಯನ್ನು ತೋರಿಸಲು ನಾನೇ ಜೋಡಿಸಿದವು. ಜುಲೈ ತಿಂಗಳ 31 ದಿನಗಳ ಮಳೆಯನ್ನು 20 ಮಿ.ಮೀ. ಅಗಲದ ವರ್ಗಾಂತರಗಳಲ್ಲಿ ಹಂಚುತ್ತೇವೆ: 0ಯಿಂದ 20, 20ರಿಂದ 40, 40ರಿಂದ 60, 60ರಿಂದ 80, 80ರಿಂದ 100. ಬಯಲಿನ ಒಂದು ಪಟ್ಟಣದಲ್ಲಿ ಈ ಐದು ಅಂತರಗಳಿಗೆ ಬಿದ್ದ ದಿನಗಳು ಕ್ರಮವಾಗಿ 22, 6, 2, 1, 0 ಎಂದುಕೊಳ್ಳೋಣ. ಘಟ್ಟದಂಚಿನ ಒಂದು ಹಳ್ಳಿಯಲ್ಲಿ 6, 9, 8, 5, 3. ಪ್ರತಿ ಅಂತರದ ನಡುವಿನ ಬೆಲೆ, ಅಂದರೆ 10, 30, 50, 70, 90, ಅಡ್ಡ ಅಕ್ಷದ ಮೇಲೆ. ದಿನಗಳ ಎಣಿಕೆ ನೇರ ಅಕ್ಷದ ಮೇಲೆ. ಬಿಂದುಗಳನ್ನು ಗುರುತಿಸಿ ಅಳತೆಪಟ್ಟಿಯಿಂದ ಒಂದಕ್ಕೊಂದು ಸೇರಿಸಿದರೆ ಗೆರೆ ಸಿದ್ಧ. ಎರಡೂ ತುದಿಗಳಲ್ಲಿ ಎಣಿಕೆ ಸೊನ್ನೆಯಾಗಿರುವ ಇನ್ನೊಂದೊಂದು ಅಂತರವಿದೆ ಎಂದು ಭಾವಿಸಿ ಗೆರೆಯನ್ನು ಅದರ ಮಧ್ಯಬಿಂದುವಿನಲ್ಲಿ ಅಕ್ಷಕ್ಕೆ ಇಳಿಸಬೇಕು. ಆಗಲೇ ಅದು ಮುಚ್ಚಿದ ಆಕೃತಿಯಾಗುತ್ತದೆ, ಬಹುಭುಜ ಎನ್ನಿಸಿಕೊಳ್ಳುತ್ತದೆ.

ಎಷ್ಟೋ ತರಗತಿಗಳಲ್ಲಿ ಪಾಠ ಇಲ್ಲಿಗೆ ನಿಲ್ಲುತ್ತದೆ. ಆದರೆ ಎಣಿಕೆಗಳನ್ನು ಒಂದಕ್ಕೊಂದು ಅಂಟಿದ ಆಯತಗಳಾಗಿ ತೋರಿಸುವ ಹಿಸ್ಟೋಗ್ರಾಂ ಇರುವಾಗ ಇನ್ನೊಂದು ಗೆರೆ ಯಾಕೆ ಎಂದು ಮಗು ಕೇಳಬೇಕು, ಕೇಳದಿದ್ದರೆ ಮೇಷ್ಟರೇ ಕೇಳಿಸಬೇಕು. ಉತ್ತರ ಸರಳ: ಎರಡು ಹಿಸ್ಟೋಗ್ರಾಂಗಳನ್ನು ಒಂದೇ ಹಾಳೆಯಲ್ಲಿ ಬರೆದರೆ ಒಂದರ ಆಯತಗಳು ಇನ್ನೊಂದರ ಆಯತಗಳನ್ನು ಮುಚ್ಚುತ್ತವೆ. ಗೆರೆಗಳು ಮುಚ್ಚುವುದಿಲ್ಲ. ಬಹುಭುಜ ಹುಟ್ಟಿದ್ದೇ ಹೋಲಿಕೆಗೆ. ಹಾಗಿದ್ದೂ ನಮ್ಮ ಎಷ್ಟೋ ಅಭ್ಯಾಸದ ಲೆಕ್ಕಗಳು ಒಂದೇ ಬಹುಭುಜವನ್ನು ಎಳೆಸಿ ಸುಮ್ಮನಾಗುತ್ತವೆ. ಹೋಲಿಸಲು ಎರಡನೆಯದೇ ಇಲ್ಲದಿದ್ದಾಗ ಮಗುವಿಗೆ ಅದು ಹಿಸ್ಟೋಗ್ರಾಂನ ತಲೆಯ ಮೇಲೆ ಎಳೆದ ಅನಗತ್ಯ ಗೆರೆಯಂತೆ ಕಂಡರೆ ಅಚ್ಚರಿಯಿಲ್ಲ.

ನಮ್ಮ ಎರಡು ಗೆರೆಗಳನ್ನು ಒಂದೇ ಹಾಳೆಯಲ್ಲಿಟ್ಟು ನೋಡಿ. ಪಟ್ಟಣದ ಗೆರೆ ಎಡತುದಿಯಲ್ಲೇ ನೆಟ್ಟಗೆ ಏರಿ ಕಡಿದಾಗಿ ಬೀಳುತ್ತದೆ. ಹೆಚ್ಚಿನ ದಿನ ಸಣ್ಣ ಮಳೆ, ಎಲ್ಲೋ ಒಂದೆರಡು ದಿನ ಜೋರು. ಹಳ್ಳಿಯ ಗೆರೆ 30ರ ಮೇಲೆ ಬೆನ್ನು ಎತ್ತಿ ನಿಧಾನವಾಗಿ ಬಲಕ್ಕೆ ಇಳಿಯುತ್ತದೆ. ಅಲ್ಲಿ 40 ಮಿ.ಮೀ. ಮಳೆ ವಿಶೇಷವಲ್ಲ, ದಿನಚರಿ. ಮಧ್ಯಬಿಂದುಗಳಿಂದ ಲೆಕ್ಕ ಹಾಕಿದರೆ ಪಟ್ಟಣದ ದಿನದ ಸರಾಸರಿ 18 ಮಿ.ಮೀ. ಚಿಲ್ಲರೆ, ಹಳ್ಳಿಯದು 43 ಚಿಲ್ಲರೆ. ಎರಡೂ ಸೇರಿದ ಸರಾಸರಿ 31. ಈಗ ಎರಡರ ಎಣಿಕೆಗಳನ್ನೇ ಕೂಡಿಸಿ: 28, 15, 10, 6, 3. ಈ ಕೂಡಿದ ಗೆರೆ ಎಡದಿಂದ ಬಲಕ್ಕೆ ಇಳಿಯುತ್ತಲೇ ಹೋಗುತ್ತದೆ. ಹಳ್ಳಿಯ ಬೆನ್ನು ಎಲ್ಲಿ? ಅದು ಅಳಿಸಿಹೋಗಿದೆ. ಸರಾಸರಿ ಮಾತ್ರ ಮರೆಮಾಚುತ್ತದೆ ಎಂದುಕೊಂಡಿದ್ದೆವು. ಬೇರೆ ಬೇರೆ ಸ್ವಭಾವದ ಊರುಗಳನ್ನು ಒಂದೇ ರಾಶಿಗೆ ಸುರಿದರೆ ಬಹುಭುಜವೂ ಮರೆಮಾಚುತ್ತದೆ. ಆದ್ದರಿಂದ ತಾಲ್ಲೂಕಿಗೊಂದು ಅಂಕಿ ಬೇಡ, ತಾಲ್ಲೂಕಿಗೊಂದು ಗೆರೆ ಸಾಕು ಎನ್ನುವಂತೆಯೂ ಇಲ್ಲ. ಮಾಪಕ ಇರುವ ಪ್ರತಿ ಊರಿಗೂ ಅದರದೇ ಗೆರೆ ಬೇಕು.

ಅಂತರದ ಅಗಲವೂ ಹೀಗೆಯೇ ಮರೆಮಾಚಬಲ್ಲದು. 20ರ ಬದಲು 60 ಮಿ.ಮೀ. ಅಗಲ ಹಿಡಿದರೆ ಪಟ್ಟಣಕ್ಕೆ 30 ಮತ್ತು 1, ಹಳ್ಳಿಗೆ 23 ಮತ್ತು 8. ಎರಡು ಗೆರೆಗಳ ಶಿಖರವೂ ಒಂದೇ ಜಾಗಕ್ಕೆ ಬಂದು ನಿಂತಿತು. ತೀರಾ ಕಿರಿದು ಮಾಡಿ 2 ಮಿ.ಮೀ.ಗೆ ಇಳಿಸಿದರೆ 31 ದಿನಗಳು ಚದುರಿ ಗೆರೆ ಗರಗಸದ ಹಲ್ಲಾಗುತ್ತದೆ, ಏನೂ ಓದಲಾಗದು. ಎಷ್ಟು ಅಗಲ ಸರಿ ಎನ್ನುವುದಕ್ಕೆ ಸೂತ್ರಗಳಿವೆ, ಆದರೆ ಅವು ಸಲಹೆಗಳೇ ಹೊರತು ಆಜ್ಞೆಗಳಲ್ಲ. ಕಂಪ್ಯೂಟರು ಕ್ಷಣದಲ್ಲಿ ಎಳೆದುಕೊಡುವಾಗ ಗ್ರಾಫ್ ಹಾಳೆ, ಪೆನ್ಸಿಲ್ ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರವೂ ಇದೇ. ಕಂಪ್ಯೂಟರು ತಾನೇ ಒಂದು ಅಗಲವನ್ನು ಆರಿಸಿಕೊಂಡು ಚಿತ್ರ ಕೊಡುತ್ತದೆ. ಅಲ್ಲೊಂದು ಆಯ್ಕೆ ನಡೆಯಿತು ಎಂಬುದು ನೋಡುವವನಿಗೆ ತಿಳಿಯುವುದಿಲ್ಲ. ಕೈಯಿಂದ ಮೂರು ಅಗಲಗಳಲ್ಲಿ ಎಳೆದ ಹುಡುಗಿಗೆ ಅದು ತಿಳಿದಿರುತ್ತದೆ.

ಇನ್ನು ಎಡತುದಿಯ ಪ್ರಶ್ನೆ. ನಿಯಮದ ಪ್ರಕಾರ ಗೆರೆ 0–20ರ ಹಿಂದಿನ ಅಂತರದ ಮಧ್ಯಕ್ಕೆ, ಅಂದರೆ ಸೊನ್ನೆಗಿಂತ 10 ಮಿ.ಮೀ. ಕೆಳಗಿನ ಬಿಂದುವಿಗೆ ಇಳಿಯಬೇಕು. ಸೊನ್ನೆಗಿಂತ ಕಡಿಮೆ ಮಳೆ ಎಲ್ಲಿಯೂ ಬೀಳುವುದಿಲ್ಲ. ಪುಸ್ತಕಗಳು ಇದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ಹಾಗೆ ಇಳಿಸುವುದಕ್ಕೆ ಕಾರಣವೇನೋ ಇದೆ: ಅಂತರಗಳೆಲ್ಲ ಸಮ ಅಗಲದವಾದರೆ ಹಿಸ್ಟೋಗ್ರಾಂನಿಂದ ಗೆರೆ ಕತ್ತರಿಸಿ ಹಾಕುವ ಪ್ರತಿ ತ್ರಿಕೋನಕ್ಕೆ ಸರಿಸಮನಾದ ಇನ್ನೊಂದು ತ್ರಿಕೋನ ಹೊರಗೆ ಸೇರುತ್ತದೆ, ಒಟ್ಟು ಕ್ಷೇತ್ರಫಲ ಕದಲುವುದಿಲ್ಲ. ಸುಂದರವಾದ ಗುಣ. ಆದರೆ ನಮ್ಮ ಪಟ್ಟಣದ ಗೆರೆಯಲ್ಲಿ ಸೊನ್ನೆಯ ಎಡಕ್ಕೆ ಬಿದ್ದ ತ್ರಿಕೋನವನ್ನು ಅಳೆದು ನೋಡಿ. ಪಾದ 10, ಎತ್ತರ 11, ಕ್ಷೇತ್ರಫಲ 55. ಒಟ್ಟು ಕ್ಷೇತ್ರಫಲ 31ನ್ನು 20ರಿಂದ ಗುಣಿಸಿದಷ್ಟು, ಅಂದರೆ 620. ಹೆಚ್ಚುಕಡಿಮೆ ಶೇ 9. ದಿನಗಳ ಲೆಕ್ಕದಲ್ಲಿ ಹೇಳುವುದಾದರೆ, 31ರಲ್ಲಿ ಪೌಣೆಮೂರು ದಿನ ಸೊನ್ನೆಗಿಂತ ಕಡಿಮೆ ಮಳೆಯಾಯಿತು ಎಂದು ಆ ಚಿತ್ರ ಹೇಳುತ್ತಿದೆ. ಘಟ್ಟದ ಹಳ್ಳಿಯಲ್ಲಿ ಮೊದಲ ಅಂತರಕ್ಕೆ ಬಿದ್ದದ್ದು ಆರೇ ದಿನವಾದ್ದರಿಂದ ಅಲ್ಲಿ ಈ ದೋಷ ಚಿಕ್ಕದು. ದತ್ತಾಂಶ ಸೊನ್ನೆಯ ಪಕ್ಕದಲ್ಲಿ ಗುಂಪುಗೂಡಿದಷ್ಟೂ ಬಹುಭುಜ ತಪ್ಪು ಹೇಳುತ್ತದೆ.

ಇಂಥ ಕಡೆ ಮಕ್ಕಳಿಗೆ ನಿಯಮವನ್ನು ಪಾಲಿಸಲು ಹೇಳಬೇಕೋ ಪ್ರಶ್ನಿಸಲು ಹೇಳಬೇಕೋ? ಪ್ರಶ್ನಿಸಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸೊನ್ನೆಯ ಎಡಗಡೆಯ ಭಾಗವನ್ನು ಚುಕ್ಕಿಗೆರೆಯಲ್ಲಿ ಎಳೆದು, ಇದು ಆಕೃತಿ ಮುಚ್ಚಲು ಮಾತ್ರ, ಮಳೆಗೆ ಸಂಬಂಧಿಸಿದ್ದಲ್ಲ ಎಂದು ಬದಿಯಲ್ಲಿ ಬರೆಯುವ ವಿದ್ಯಾರ್ಥಿ ನಿಯಮವನ್ನೂ ಬಲ್ಲಳು, ಮಳೆಯನ್ನೂ ಬಲ್ಲಳು. ಅವಳ ಅಂಕ ಕಳೆಯುವ ಮೌಲ್ಯಮಾಪನ ಗಣಿತದ ಮೌಲ್ಯಮಾಪನವಲ್ಲ.

ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ವಿಂಗಡಿಸುವ ರೀತಿಯೇ ಇನ್ನೊಂದು ಒಳ್ಳೆಯ ಪಾಠ. 2.5ರಿಂದ 15.5 ಮಿ.ಮೀ. ಹಗುರ, 15.6ರಿಂದ 64.4 ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, ಅದರಾಚೆ ಅತ್ಯಂತ ಭಾರಿ. ಮೊದಲನೆಯದಾಗಿ ಇಲ್ಲಿ 15.5ಕ್ಕೂ 15.6ಕ್ಕೂ ನಡುವೆ ಬಿರುಕಿದೆ, ಗಡಿಯನ್ನು 15.55ಕ್ಕೆ ಸರಿಸಿ ಅಂತರಗಳನ್ನು ಬೆಸೆಯಬೇಕು. ಬೆಸೆದ ಮೇಲೆ ಅಗಲಗಳು 13.1, 48.9, 51.1, 88.9 ಆಗುತ್ತವೆ, ಒಂದಕ್ಕೊಂದು ಸಮವಲ್ಲ. ಒಂದು ಊರಿನಲ್ಲಿ ಹಗುರ ಮಳೆಯ 40 ದಿನ, ಸಾಧಾರಣ ಮಳೆಯ 40 ದಿನ ಬಂದವು ಎಂದಿಟ್ಟುಕೊಳ್ಳಿ. ಎಣಿಕೆಯನ್ನೇ ಎತ್ತರವಾಗಿ ಹಿಡಿದರೆ ಎರಡೂ ಸಮ ಎತ್ತರದಲ್ಲಿ ನಿಲ್ಲುತ್ತವೆ. ಅಗಲದಿಂದ ಭಾಗಿಸಿದರೆ ಒಂದು ಮಿ.ಮೀ. ಅಂತರಕ್ಕೆ ಹಗುರದಲ್ಲಿ ಮೂರು ದಿನ, ಸಾಧಾರಣದಲ್ಲಿ ಒಂದು ದಿನವೂ ಇಲ್ಲ. ಹಗುರ ಮಳೆಯ ಸಾಂದ್ರತೆ ನಾಲ್ಕು ಪಟ್ಟಿಗೆ ಹತ್ತಿರ. ಇಲಾಖೆಯ ವಿಂಗಡಣೆ ಎಚ್ಚರಿಕೆ ಕೊಡುವುದಕ್ಕಾಗಿ ಮಾಡಿದ್ದು, ಅದಕ್ಕೆ ಸರಿಯಾಗಿಯೇ ಇದೆ. ಹಂಚಿಕೆಯ ಆಕಾರ ತೋರಿಸುವುದಕ್ಕೆ ಅದನ್ನೇ ಎತ್ತಿ ಗ್ರಾಫಿಗೆ ಹಾಕುವುದು ತಪ್ಪು. ಮಳೆಯ ಗಾತ್ರ ತಿಳಿಸುವ ಎಷ್ಟೋ ಚಿತ್ರಗಳಲ್ಲಿ ಈ ತಪ್ಪು ಸುಳಿವಿಲ್ಲದೆ ಕುಳಿತಿರುತ್ತದೆ.

ತಿಂಗಳುಗಳನ್ನು ಅಡ್ಡ ಅಕ್ಷದಲ್ಲಿ, ಮಿ.ಮೀ.ಗಳನ್ನು ನೇರ ಅಕ್ಷದಲ್ಲಿ ಹಾಕಿ ಎಳೆದ ಗೆರೆಯನ್ನೂ ಬಹುಭುಜ ಎಂದು ಕರೆಯುವವರಿದ್ದಾರೆ. ಅದು ಬಹುಭುಜವಲ್ಲ. ಅಲ್ಲಿ ಏನನ್ನೂ ಎಣಿಸಿಲ್ಲ, ಅಳೆದದ್ದನ್ನು ಕಾಲದ ಗುಂಟ ಜೋಡಿಸಿದೆ ಅಷ್ಟೆ. ಆದರೆ ಮಳೆ ಬಂದ ದಿನಗಳನ್ನು, ಅಂದರೆ ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳನ್ನು, ಅವು ಯಾವ ಅವಧಿಗೆ ಸೇರಿದವೆಂದು ನೋಡಿ ಎಣಿಸಿದರೆ ಅದು ನಿಜವಾದ ಆವೃತ್ತಿ ಹಂಚಿಕೆ. ಆ ಅವಧಿಗಳನ್ನು ನಮ್ಮ ರೈತರು ಎಂದೋ ಸಿದ್ಧಮಾಡಿ ಇಟ್ಟಿದ್ದಾರೆ. ಜೂನ್ ಮೊದಲ ವಾರದ ಕೊನೆಗೆ ಮಿರಗ ಕೂಡುತ್ತದೆ, ಆಮೇಲೆ ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು 13–14 ದಿನ. ವರ್ಷವನ್ನು 27 ಸಮ ಅಂತರಗಳಾಗಿ ಒಡೆದ ವರ್ಗೀಕರಣ ಇದು, 28ರಿಂದ 31ರವರೆಗೆ ಹೊಯ್ದಾಡುವ ಇಂಗ್ಲಿಷ್ ತಿಂಗಳುಗಳಿಗಿಂತ ಎಷ್ಟೋ ಸಮ. ಖಾನಾಪುರದ ಭತ್ತದ ರೈತ ಕೂರಿಗೆ ಹೂಡುವುದೂ ನಾಟಿಗೆ ಕಾಯುವುದೂ ಈ ಅಂತರಗಳ ಲೆಕ್ಕದಲ್ಲೇ. ಘಟ್ಟದಂಚಿನಲ್ಲಿ ದಿನವೂ ಮಳೆ ಹಿಡಿಯುವ ನಕ್ಷತ್ರಗಳಲ್ಲಿ ಎಣಿಕೆ 14ಕ್ಕಿಂತ ಮೇಲೆ ಹೋಗಲಾರದು, ಆದ್ದರಿಂದ ಅಲ್ಲಿನ ಗೆರೆಯ ನೆತ್ತಿ ಚಪ್ಪಟೆಯಾದೀತು. ಏಕೆ ಚಪ್ಪಟೆ ಎಂದು ತರಗತಿಯಲ್ಲಿ ಕೇಳಿದರೆ ಅದೇ ಒಂದು ಗಂಟೆಯ ಪಾಠ.

ಇದೆಲ್ಲ ಶಾಲೆಯ ಕಸರತ್ತು ಎನ್ನುವವರು ನಮ್ಮ ನದಿಗಳ ನೀರಿನ ವ್ಯಾಜ್ಯಗಳನ್ನು ನೋಡಬೇಕು. ಖಾನಾಪುರದ ಕಾಡಿನಲ್ಲೇ ಹುಟ್ಟುವ ಮಹದಾಯಿಯ ನೀರಿಗೆ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ನದಿಯಲ್ಲಿ ನೀರೆಷ್ಟಿದೆ ಎಂದು ಅಂದಾಜಿಸುವಾಗ ಇಂಥ ಮಂಡಳಿಗಳು ಸರಾಸರಿಯ ಮೇಲೆ ಮಾತ್ರ ನಿಲ್ಲುವುದಿಲ್ಲ, ಶೇ 75 ವಿಶ್ವಾಸಾರ್ಹತೆಯ ಹರಿವನ್ನು ಹುಡುಕುತ್ತವೆ. ನೂರು ವರ್ಷಗಳಲ್ಲಿ 75 ವರ್ಷ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ಬರುವಂಥ ಪ್ರಮಾಣ ಅದು. ವಾರ್ಷಿಕ ಹರಿವುಗಳ ಬಹುಭುಜ ಎಳೆದರೆ, ಬಲಗಡೆ ನಾಲ್ಕರಲ್ಲಿ ಮೂರು ಪಾಲು ಕ್ಷೇತ್ರ ಉಳಿಯುವಂತೆ ಲಂಬವಾಗಿ ಕತ್ತರಿಸುವ ಬಿಂದುವೇ ಅದು. ಮಲಪ್ರಭೆ ಹೋಗಿ ಸೇರುವ ಕೃಷ್ಣೆಯ ವಿಷಯದಲ್ಲಿ ಬಚಾವತ್ ಮಂಡಳಿ 1973ರಲ್ಲಿ ಶೇ 75ರ ಲೆಕ್ಕದಲ್ಲಿ 2060 ಟಿಎಂಸಿ ಎಂದಿತು. ಬ್ರಿಜೇಶ್ ಕುಮಾರ್ ಮಂಡಳಿ 2010ರಲ್ಲಿ 47 ವರ್ಷಗಳ ಹರಿವನ್ನು ಮುಂದಿಟ್ಟುಕೊಂಡು ಶೇ 75ಕ್ಕೆ 2173, ಶೇ 65ಕ್ಕೆ 2293, ಸರಾಸರಿ 2578 ಟಿಎಂಸಿ ಎಂದಿತು. ಒಂದೇ ನದಿ, ಅದೇ 47 ವರ್ಷ, ಮೂರು ಅಂಕಿ. ಗೆರೆಯನ್ನು ಎಲ್ಲಿ ಕತ್ತರಿಸಬೇಕು ಎಂಬುದರ ಮೇಲೆ 400 ಟಿಎಂಸಿಯ ಅಂತರ ಬೀಳುತ್ತದೆ. ಸರಾಸರಿಯನ್ನೇ ನಂಬಿ ಕಾಲುವೆ ತೋಡಿದರೆ ಸುಮಾರು ಅರ್ಧದಷ್ಟು ವರ್ಷ ಕೊನೆಯ ಹೊಲಕ್ಕೆ ನೀರು ಸಾಲದು. ಈ ಅಂಕಿಗಳನ್ನು ಹಿಡಿದು ನಮ್ಮ ಊರುಗಳಲ್ಲಿ ಬಂದ್, ಧರಣಿಗಳು ನಡೆದಿವೆ. ಅಂಕಿ ಹುಟ್ಟಿದ ಚಿತ್ರವನ್ನು ನೋಡಿದವರು ಎಷ್ಟು ಮಂದಿ?

ಗೆರೆ ಎಳೆದು ನೋಡಿದರೆ ತಜ್ಞರ ಮಾತೂ ಅಲುಗಾಡುತ್ತದೆ. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿಗೆ ಪ್ರವಾಹ ಬಂದಾಗ ನದಿಯ ತಳ ಎದ್ದಿದೆ, ದಂಡೆಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ಹೇಳಿದ್ದರು. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಸುಮಾರು 60 ವರ್ಷಗಳ ದಾಖಲೆ ತಿರುವಿಹಾಕಿ, ತಳ ಎದ್ದಿರುವುದಕ್ಕೆ ಅಂಕಿಗಳಲ್ಲಿ ಆಧಾರವಿಲ್ಲ ಎಂದು ತೋರಿಸಿದರು. 

ಮಳೆಯನ್ನು ಬಿಟ್ಟು ಶಾಲೆಯ ಫಲಿತಾಂಶವನ್ನೇ ತೆಗೆದುಕೊಂಡರೂ ಮಾತು ಬದಲಾಗದು. ಎಸ್ಸೆಸ್ಸೆಲ್ಸಿಯಲ್ಲಿ ಬೆಳಗಾವಿ ಮತ್ತು ಚಿಕ್ಕೋಡಿ ಎರಡು ಬೇರೆ ಶೈಕ್ಷಣಿಕ ಜಿಲ್ಲೆಗಳು. ಪ್ರತಿ ವರ್ಷ ಅವುಗಳ ಸ್ಥಾನ ಎಷ್ಟನೆಯದು ಎಂಬುದೇ ಚರ್ಚೆ. ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89, 2024ರಲ್ಲಿ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಶೇ 73.40. ಉತ್ತೀರ್ಣದ ಗಡಿಯನ್ನು ಸ್ವಲ್ಪ ಸರಿಸಿದರೆ ಎಷ್ಟು ಮಕ್ಕಳು ಆಚೆಯಿಂದ ಈಚೆಗೆ ಬರುತ್ತಾರೆ ಎಂಬುದು ಆ ಗಡಿಯ ಬಳಿ ಗೆರೆ ಎಷ್ಟು ಎತ್ತರವಾಗಿದೆ ಎನ್ನುವುದನ್ನು ಅವಲಂಬಿಸಿದೆ. ಆ ಗಡಿಯ ಆಸುಪಾಸಿನಲ್ಲಿ ಬೆನ್ನೆತ್ತಿದ ಜಿಲ್ಲೆಗೂ 60ರಲ್ಲಿ ಬೆನ್ನೆತ್ತಿದ ಜಿಲ್ಲೆಗೂ ಕೃಪಾಂಕದ ಪರಿಣಾಮ ಬೇರೆ. ಜಿಲ್ಲಾವಾರು ಸ್ಥಾನಪಟ್ಟಿಯ ಜೊತೆಗೆ ಅಂಕಗಳ ಬಹುಭುಜವನ್ನೂ ಪ್ರಕಟಿಸಿದರೆ ಯಾವ ಜಿಲ್ಲೆಯ ಶಿಕ್ಷಕರಿಗೆ ಯಾವ ನೆರವು ಬೇಕೆಂದು ಪೋಷಕರಿಗೂ ಕಂಡೀತು.

ಹೋಲಿಸುವ ಎರಡು ಗುಂಪುಗಳ ಒಟ್ಟು ಸಮವಾಗಿಲ್ಲದಿದ್ದರೆ ಎಣಿಕೆಯ ಬದಲು ಶೇಕಡಾ ಹಾಕಬೇಕು. ಮಳೆಯಲ್ಲಿ ಇದು ಬೇಗ ಎದುರಾಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಕಾಡಂಚಿನಲ್ಲಿ ನೆಟ್‌ವರ್ಕ್ ಹೋದ ದಿನ ಅಂಕಿ ಬಾರದಿದ್ದರೆ ಆ ಖಾನೆ ಖಾಲಿ ಉಳಿಯಬೇಕು, ಸೊನ್ನೆ ಎಂದು ತುಂಬಬಾರದು. ಮಳೆ ಹೆಚ್ಚು ಹೊಡೆದ ದಿನವೇ ಸಂಪರ್ಕ ಕಡಿಯುವ ಸಂಭವ ಹೆಚ್ಚು, ಆದ್ದರಿಂದ ಹಾಗೆ ತುಂಬಿದ ಸೊನ್ನೆಗಳು ಗೆರೆಯ ಬಲತುದಿಯನ್ನು ಕತ್ತರಿಸಿ ಎಡತುದಿಗೆ ಅಂಟಿಸುತ್ತವೆ. 2019ರ ಆಗಸ್ಟಿನಂಥ ಮಳೆಯನ್ನು ಕಂಡ ಬೆಳಗಾವಿಗೆ ಬಲತುದಿ ಮುಖ್ಯ. ಚರಂಡಿಯ ಅಗಲ, ಸೇತುವೆಯ ಎತ್ತರ ತೀರ್ಮಾನವಾಗಬೇಕಾದದ್ದು ಅಲ್ಲಿ.

ಖಾನಾಪುರ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ, ಮರಾಠಿ ಮಾಧ್ಯಮದ ಶಾಲೆಗಳೂ ಇವೆ. ಒಂಬತ್ತನೆಯ ತರಗತಿಯ ಈ ಲೆಕ್ಕ ಎರಡೂ ಕಡೆ ಒಂದೇ. ಘಟ್ಟದಂಚಿನ ಒಂದು ಶಾಲೆ, ಬೆಳಗಾವಿ ನಗರದ ಒಂದು ಶಾಲೆ ಮಳೆಗಾಲದ ಉದ್ದಕ್ಕೂ ತಮ್ಮ ಹತ್ತಿರದ ಮಾಪಕದ ಅಂಕಿ ಬರೆದಿಟ್ಟು ದಸರೆ ರಜೆಯ ಮೊದಲು ಅದಲುಬದಲು ಮಾಡಿಕೊಳ್ಳುವುದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ. ಶುರುಮಾಡುವ ಮೊದಲು ಇಬ್ಬರೂ ಒಪ್ಪಬೇಕಾದ ಸಂಗತಿಗಳು ಕೆಲವಿವೆ. ಮಳೆಯ ದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ, ಹಿಂದಿನ ರಾತ್ರಿ ಸುರಿದದ್ದು ಇಂದಿನ ಲೆಕ್ಕಕ್ಕೆ. ಅಂಕಿ ಸಿಗದ ದಿನಗಳನ್ನು ಬೇರೆಯಾಗಿಯೇ ಗುರುತಿಸಬೇಕು. ವರ್ಗಾಂತರದ ಅಗಲವನ್ನು ಜೂನ್ ತಿಂಗಳಲ್ಲೇ, ಒಂದು ಅಂಕಿಯನ್ನೂ ನೋಡುವ ಮೊದಲು, ಎರಡೂ ತರಗತಿಗಳು ಪತ್ರದಲ್ಲಿ ಬರೆದು ಕಳಿಸಿಕೊಳ್ಳಬೇಕು.